ಸಕ್ಕರೆ ಕಾಯಿಲೆಯವರ ರಕ್ತದೊತ್ತಡಕ್ಕೆ ಎರಡು ಗುಳಿಗೆ ಏಕೆ?

ಬೋರ್ಡೋ ದ್ರಾವಣದ ವಿಷಯವನ್ನು ನಮ್ಮ ಸದಸ್ಯ ಬಾಂಧವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮೈಲುತುತ್ತವೊಂದನ್ನೇ ಹೊಡೆದರೆ ಗೊನೆ ಸುಡುತ್ತದೆ. ಸುಣ್ಣವೊಂದನ್ನೇ ಹೊಡೆದರೆ ಕೊಳೆರೋಗ ನಿಲ್ಲುವುದಿಲ್ಲ. 100 ಲೀಟರ್ ನೀರಿಗೆ ಎರಡೂ ಒಂದೊಂದು ಕಿಲೋ ಸೇರಿದಾಗಲೇ ಕೆಲಸ ಆಗುವುದು. ಸಕ್ಕರೆ ಕಾಯಿಲೆಯ ಜೊತೆಗೆ ರಕ್ತದೊತ್ತಡವೂ ಇರುವವರಿಗೆ ವೈದ್ಯರು ಎರಡು ಔಷಧಗಳನ್ನು ಕೂಡಿಸಿ ಕೊಡುವುದರ ಹಿಂದೆಯೂ ಹೆಚ್ಚುಕಡಿಮೆ ಇದೇ ಲೆಕ್ಕಾಚಾರವಿದೆ.

ನನ್ನ ಹುಟ್ಟೂರು ಬೆಳಗಾವಿ ಜಿಲ್ಲೆ ರಾಮದುರ್ಗ ತಾಲ್ಲೂಕಿನ ಸುರೇಬಾನ. ಜೋಳದ ಹೊಲ, ನೇಕಾರರ ಮಗ್ಗಗಳ ಊರು. ನನ್ನ ಸೋದರಮಾವನೂ ನೇಕಾರರೇ. ಅವರಿಗೆ ಸಕ್ಕರೆ ಕಾಯಿಲೆ ಹಳೆಯದು. ಒತ್ತಡಕ್ಕೆ ಒಂದು ಗುಳಿಗೆ ನುಂಗುತ್ತಿದ್ದರು. ವೈದ್ಯರು ಇನ್ನೊಂದನ್ನು ಸೇರಿಸಿದಾಗ, "ಒಂದ ಇದ್ದದ್ದು ಎರಡಾತು ಅಂದ್ರ ರೋಗ ಬಲೀತು ಅಂತನ ಅರ್ಥ, ತಮ್ಮಾ. ಇಷ್ಟ ಔಷಧ ನುಂಗಿದ್ರ ಕಿಡ್ನಿ ಉಳೀತಾವೇನು?" ಎಂದು ಎರಡನ್ನೂ ಬಿಟ್ಟುಬಿಟ್ಟರು. ಮೈಯಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. ಐದನೆಯ ತಿಂಗಳಿನಲ್ಲಿ ಲಕ್ವ ಹೊಡೆಯಿತು, ಬಲಗೈ ಸ್ವಾಧೀನ ತಪ್ಪಿತು, ಮಗ್ಗ ನಿಂತಿತು. ಈಗ ಮಲೆನಾಡಿನ ಔಷಧ ಅಂಗಡಿಯೊಂದರಲ್ಲಿ ಕೆಲಸ ಮಾಡುವ ನನ್ನನ್ನು ಇಲ್ಲಿಯ ಬೆಳೆಗಾರರೂ ಅದೇ ಪ್ರಶ್ನೆ ಕೇಳುತ್ತಾರೆ. ಅದಕ್ಕಾಗಿ ಈ ನಾಲ್ಕು ಮಾತು.

ಎರಡು ಕಾಯಿಲೆ, ಒಂದೇ ಗುರಿ

ಸಕ್ಕರೆ ಕಾಯಿಲೆ ರಕ್ತನಾಳಗಳ ಒಳಗೋಡೆಯನ್ನು ಕೆಡಿಸುತ್ತದೆ. ಹೆಚ್ಚಿದ ಒತ್ತಡ ಅದೇ ಗೋಡೆಗೆ ಬಡಿಯುತ್ತದೆ. ಮಿದುಳು, ಹೃದಯ, ಕಣ್ಣು ಮತ್ತು ಮೂತ್ರಪಿಂಡಗಳಿಗೆ ಎರಡರ ಪೆಟ್ಟೂ ಒಟ್ಟಿಗೆ ಬೀಳುತ್ತದೆ. ಆದ್ದರಿಂದ ಸಕ್ಕರೆ ಕಾಯಿಲೆಯವರ ಒತ್ತಡ ಸಾಮಾನ್ಯವಾಗಿ 130/80ಕ್ಕಿಂತ ಕೆಳಗಿರಬೇಕು. ತೀರ ವಯಸ್ಸಾದವರಿಗೆ ವೈದ್ಯರು ಈ ಗುರಿಯನ್ನು ಸ್ವಲ್ಪ ಸಡಿಲಿಸುವುದುಂಟು.

ಬ್ರಿಟನ್ನಿನಲ್ಲಿ ಸಕ್ಕರೆ ಕಾಯಿಲೆ ಮತ್ತು ಒತ್ತಡ ಎರಡೂ ಇದ್ದ 1,148 ಜನರ ಮೇಲೆ ನಡೆದ ದೀರ್ಘಕಾಲದ ಪರೀಕ್ಷೆಯ ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ಒಂದು ಗುಂಪಿನ ಸರಾಸರಿ ಒತ್ತಡ 154/87, ಬಿಗಿಯಾಗಿ ಹತೋಟಿಯಲ್ಲಿಟ್ಟ ಗುಂಪಿನದು 144/82. ಇಷ್ಟೇ ಅಂತರಕ್ಕೆ ಲಕ್ವದ ಸಂಭವ ಶೇಕಡಾ 44ರಷ್ಟು ಇಳಿಯಿತು. ಹಾಗೆ ಹತೋಟಿಯಲ್ಲಿಡಲು ಒಂಬತ್ತು ವರ್ಷಗಳ ಹೊತ್ತಿಗೆ ಆ ಗುಂಪಿನ ಶೇಕಡಾ 29 ಮಂದಿಗೆ ಮೂರು ಅಥವಾ ಹೆಚ್ಚು ಔಷಧಗಳೇ ಬೇಕಾದವು. ಹಲವು ಗುಳಿಗೆ ಬೇಕಾಗುವುದು ಈ ಕಾಯಿಲೆಯ ಸ್ವಭಾವ. ರೋಗಿಯ ಗತಿ ಕೆಟ್ಟಿತೆಂದು ಅರ್ಥವಲ್ಲ.

ಒಂದನ್ನೇ ಹೆಚ್ಚಿಸಿದರೆ ಸಾಲದೆ?

ಒಂದೇ ಔಷಧವನ್ನು ಇಮ್ಮಡಿ ಮಾಡಿದರೆ ಒತ್ತಡ ಇಳಿಯುವುದು ಅಲ್ಪ, ಉಪದ್ರವ ಹೆಚ್ಚು. ಬೇರೆ ಬಗೆಯ ಇನ್ನೊಂದನ್ನು ಸಣ್ಣ ಪ್ರಮಾಣದಲ್ಲಿ ಸೇರಿಸಿದರೆ ಹಲವು ಪಟ್ಟು ಹೆಚ್ಚು ಗುಣ. ಮುಖ್ಯ ಬಗೆಗಳು ಮೂರು.

1. ಎನಲಾಪ್ರಿಲ್, ರಾಮಿಪ್ರಿಲ್ ಮುಂತಾದ 'ಪ್ರಿಲ್'ಗಳು ಅಥವಾ ಟೆಲ್ಮಿಸಾರ್ಟನ್, ಲೊಸಾರ್ಟನ್ ಮುಂತಾದ 'ಸಾರ್ಟನ್'ಗಳು. ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿರುವವರಿಗೆ ಇವು ಮೂತ್ರಪಿಂಡದ ಕಾವಲುಗಾರರು. ನಮ್ಮ ಮಾವ ಹೆದರಿದ್ದು ತಲೆಕೆಳಗು.

2. ಅಮ್ಲೋಡಿಪಿನ್. ರಕ್ತನಾಳವನ್ನು ಸಡಿಲಿಸುತ್ತದೆ. ಕೆಲವರಿಗೆ ಪಾದ ಊದುವುದುಂಟು; ಸಾರ್ಟನ್ ಅಥವಾ ಪ್ರಿಲ್ ಸೇರಿದರೆ ಆ ಊತ ಕಡಿಮೆ. ತುತ್ತದ ಉರಿಯನ್ನು ಸುಣ್ಣ ತಣಿಸಿದ ಹಾಗೆ.

3. ಕ್ಲೋರ್ಥಾಲಿಡೋನ್, ಇಂಡಪಮೈಡ್ ಮುಂತಾದವು. ಉಪ್ಪು ಮತ್ತು ನೀರನ್ನು ಮೂತ್ರದ ಮೂಲಕ ಹೊರಹಾಕುತ್ತವೆ.

ಒತ್ತಡ 150/90 ಅಥವಾ ಮೇಲಿದ್ದರೆ ಮೊದಲಿನಿಂದಲೇ ಎರಡನ್ನು ಆರಂಭಿಸುವುದು ಈಗಿನ ಪದ್ಧತಿ. ಎರಡೂ ಒಂದೇ ಗುಳಿಗೆಯಲ್ಲಿ ಸಿಗುತ್ತವೆ. ಮರೆಯುವ ಸಂಭವ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇಂಥ ಗುಳಿಗೆಗಳನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಕೂಡಿಸಬಾರದ ಜೋಡಿ

ಎಲ್ಲ ಜೋಡಿಯೂ ಒಳ್ಳೆಯದಲ್ಲ. ಪ್ರಿಲ್ ಮತ್ತು ಸಾರ್ಟನ್ ಎರಡನ್ನೂ ಒಟ್ಟಿಗೆ ಕೊಟ್ಟರೆ ಲಾಭವಿಲ್ಲ, ಮೂತ್ರಪಿಂಡಕ್ಕೆ ಹಾನಿಯುಂಟೆಂದು 2008 ಮತ್ತು 2013ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಗಳು ತೋರಿಸಿದವು. ಇಬ್ಬರು ವೈದ್ಯರ ಬಳಿ ಹೋಗುವವರು ಇಬ್ಬರಿಗೂ ಎಲ್ಲ ಚೀಟಿಗಳನ್ನು ತೋರಿಸಬೇಕು. ಗರ್ಭಿಣಿಯರಿಗೆ ಇವೆರಡೂ ನಿಷಿದ್ಧ.

ಮೈಕೈ ನೋವಿಗೆ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಈ ಗುಳಿಗೆಗಳೊಡನೆ ಸೇರಿದರೆ ಮೂತ್ರಪಿಂಡಕ್ಕೆ ಅಪಾಯ. ವಾಂತಿ ಭೇದಿಯಾದಾಗ ಗುಳಿಗೆ ಮುಂದುವರಿಸಬೇಕೇ ಎಂದು ಕೂಡಲೇ ವೈದ್ಯರನ್ನು ಕೇಳಬೇಕು. ಮೂತ್ರಪಿಂಡ ದುರ್ಬಲವಾಗಿರುವವರು ದಿನವೂ ಎಳನೀರು ಕುಡಿಯುವ ಮೊದಲು ಕೇಳುವುದು ಲೇಸು. ಅದರಲ್ಲಿ ಪೊಟ್ಯಾಷಿಯಂ ಹೆಚ್ಚು. ಔಷಧ ಆರಂಭಿಸಿದ ಕೆಲವು ವಾರಗಳೊಳಗೆ ರಕ್ತದ ಕ್ರಿಯಾಟಿನಿನ್ ಮತ್ತು ಪೊಟ್ಯಾಷಿಯಂ ಪರೀಕ್ಷೆ ಆಗಬೇಕು.

ತೋಟದವರು ಗಮನಿಸಬೇಕಾದದ್ದು

ಹೊಸ ಗುಳಿಗೆ ಶುರುವಾದ ದಿನಗಳಲ್ಲಿ ಎದ್ದು ನಿಂತಾಗ ತಲೆ ಸುತ್ತಬಹುದು. ಆಗ ಮರ ಹತ್ತುವುದು ಬೇಡ. ತಲೆಸುತ್ತು, ಒಣಕೆಮ್ಮು, ಊತ ಕಂಡರೆ ವೈದ್ಯರಿಗೆ ತಿಳಿಸಿದರೆ ಔಷಧ ಬದಲಿಸುತ್ತಾರೆ, ತಾವಾಗಿಯೇ ಬಿಡಬಾರದು. ಮಳೆಗಾಲದಲ್ಲಿ ಸಂಕ ಮುಳುಗಿ ಪೇಟೆಗೆ ದಾರಿ ತಪ್ಪುವ ಮುನ್ನ ಒಂದು ತಿಂಗಳ ಗುಳಿಗೆ ಮನೆಯಲ್ಲಿರಲಿ. ಗುಳಿಗೆ ನುಂಗುತ್ತೇವೆಂದು ಮಿಡಿ ಉಪ್ಪಿನಕಾಯಿಗೆ ರಿಯಾಯಿತಿ ಇಲ್ಲ. ದಿನಕ್ಕೆ ಎಲ್ಲ ಸೇರಿ ಉಪ್ಪು 5 ಗ್ರಾಮಿನೊಳಗಿರಬೇಕು.

ಕೊಳೆ ಕಂಡ ಮೇಲೆ ಔಷಧ ಹೊಡೆದರೆ ಉದುರಿದ ಕಾಯಿ ಮರಕ್ಕೆ ಮರಳುವುದಿಲ್ಲ. ಮಾವ ಈಗ ಜೋಡಿ ಗುಳಿಗೆಯನ್ನು ತಪ್ಪದೆ ನುಂಗುತ್ತಾರೆ. ಒತ್ತಡ ಹತೋಟಿಯಲ್ಲಿದೆ, ಕೈ ಮಾತ್ರ ಹಿಂದಿನಂತಾಗಲಿಲ್ಲ. ಸದಸ್ಯರು ತಮ್ಮ ಮತ್ತು ಮನೆಯ ಹಿರಿಯರ ಒತ್ತಡವನ್ನು ಈ ತಿಂಗಳೇ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ನೋಡಿಸಿಕೊಳ್ಳಬೇಕಾಗಿ ವಿನಂತಿ.