ಕಿಟಕಿಯಲ್ಲಿ ಅರಳಿದ ಜೀವವೃಕ್ಷ

1941ರಲ್ಲಿ ಫ್ರಾನ್ಸಿನ ಖ್ಯಾತ ಚಿತ್ರಕಾರ ಆನ್ರಿ ಮಾತೀಸರು ಕ್ಯಾನ್ಸರಿನ ಶಸ್ತ್ರಚಿಕಿತ್ಸೆಗೊಳಗಾಗಿ ಬದುಕುಳಿದರು. ಮರುವರ್ಷ ಅವರ ಶುಶ್ರೂಷೆಗೆ ಬಂದ ತರುಣಿಯೊಬ್ಬಳು ಮುಂದೆ ಡೊಮಿನಿಕನ್ ಸಂನ್ಯಾಸಿನಿಯಾದಳು. ವಾನ್ಸ್ ಪಟ್ಟಣದಲ್ಲಿ ಪ್ರಾರ್ಥನಾಮಂದಿರವೊಂದನ್ನು ಕಟ್ಟುವ ಯೋಚನೆಯನ್ನು ಆಕೆ ಮುಂದಿಟ್ಟಾಗ, ಎಪ್ಪತ್ತೈದು ದಾಟಿದ್ದ ಕಲಾವಿದರು ಹೊಣೆಯನ್ನು ತಾವೇ ಹೊತ್ತರು.

ಬಣ್ಣದ ಕಾಗದವನ್ನು ಕತ್ತರಿಸಿ ಜೋಡಿಸಿಯೇ ಅವರು ಕಿಟಕಿಗಳ ವಿನ್ಯಾಸ ರಚಿಸಿದರು. ಎರಡನೆಯ ವಿನ್ಯಾಸದಲ್ಲಿ, ಗಾಜಿನ ತುಂಡುಗಳನ್ನು ಹಿಡಿದು ನಿಲ್ಲಿಸುವ ಸೀಸದ ಪಟ್ಟಿಗಳಿಗೆ ಎಡೆಯೇ ಇರಲಿಲ್ಲ! ಅದನ್ನು ಬದಿಗಿರಿಸಿ ಮೂರನೆಯದನ್ನು ಆರಂಭಿಸಿದರು.

ಅದೇ ‘ಜೀವವೃಕ್ಷ’. ಅದರಲ್ಲಿ ಸಂತರ ಆಕೃತಿಗಳಿಲ್ಲ. ಪಾಪಸುಕಳ್ಳಿಯ ಎಲೆ, ಹೂಗಳಷ್ಟೆ. ಬಣ್ಣಗಳೂ ಮೂರೇ: ಬಿಸಿಲಿಗೆ ಹಳದಿ, ಸಸ್ಯಗಳಿಗೆ ಹಸಿರು, ಆಗಸಕ್ಕೂ ಕಡಲಿಗೂ ನೀಲಿ. ಹಳದಿ ಗಾಜನ್ನು ಮಾತ್ರ ಮಸುಕಾಗಿಸಿದರು. ಆದ್ದರಿಂದ ನೋಟವು ಹಳದಿಯಲ್ಲಿ ತಡೆದು ಒಳಗೇ ನಿಲ್ಲುತ್ತದೆ; ಹಸಿರು, ನೀಲಿಗಳಲ್ಲಿ ಹೊರಗೆ ಹಾಯುತ್ತದೆ.

ಗೋಡೆಯ ಬಿಳಿ ಹೆಂಚುಗಳ ಮೇಲೆ ಸಂತ ಡೊಮಿನಿಕರೂ ಮಾತೆ ಮೇರಿಯೂ ಬರಿಯ ಕಪ್ಪು ಗೆರೆಗಳಲ್ಲಿ ಮೂಡಿದ್ದಾರೆ. ಅಲ್ಲಿ ಬಣ್ಣ ತುಂಬುವ ಕೆಲಸವನ್ನು ಮಾತೀಸರು ಸೂರ್ಯನಿಗೇ ಬಿಟ್ಟರು. ಹೊತ್ತು ಸರಿದಂತೆ ಕಿಟಕಿಯ ವರ್ಣಗಳೂ ಮಂದಿರದಲ್ಲಿ ಸರಿಯುತ್ತವೆ.

1951ರ ಜೂನ್ 25ರಂದು ಮಂದಿರದ ಪ್ರತಿಷ್ಠೆ ನೆರವೇರಿತು. ಎಂಬತ್ತೊಂದು ವರ್ಷದ ಕಲಾವಿದರಿಗೆ ಅಲ್ಲಿಗೆ ಬರುವಷ್ಟು ದೇಹಶಕ್ತಿಯಿರಲಿಲ್ಲ. ಲೋಪಗಳಿದ್ದರೂ ಇದೇ ತಮ್ಮ ಶ್ರೇಷ್ಠ ಕೃತಿಯೆಂದು ಬಿಷಪ್ಪರಿಗೆ ಪತ್ರ ಬರೆದರು. ಅವರು 1954ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಕೆಲಸವನ್ನು ಸೂರ್ಯನು ಇಂದಿಗೂ ನಡೆಸುತ್ತಿದ್ದಾನೆ.