ಬಿಡುವ ಉಸಿರು ಉದ್ದವಾಗಲಿ

ಅಡಿಕೆಗೆ ಕೊಳೆರೋಗ ಬಂದ ವರ್ಷ ನಮ್ಮಲ್ಲಿ ಅನೇಕರಿಗೆ ರಾತ್ರಿ ನಿದ್ದೆಯಿಲ್ಲ. ಮಳೆ ಬಿಡದೆ ಮದ್ದು ಸಿಂಪಡಿಸುವಂತಿಲ್ಲ, ಸಾಲದ ಕಂತು ನಿಲ್ಲುವುದಿಲ್ಲ. ಚಿಂತೆ ಹೆಚ್ಚಿದಾಗ ಉಸಿರಾಟ ಚುರುಕಾಗುತ್ತದೆ, ಎದೆಬಡಿತವೂ ಏರುತ್ತದೆ.

ಪತಂಜಲಿಯ ಯೋಗಸೂತ್ರ ಹೇಳುವ 8 ಅಂಗಗಳಲ್ಲಿ ಪ್ರಾಣಾಯಾಮ ನಾಲ್ಕನೆಯದು, ಧ್ಯಾನ ಏಳನೆಯದು. ಮೊದಲು ಉಸಿರು ಹದಕ್ಕೆ ಬರಬೇಕು, ಆಮೇಲೆ ಮನಸ್ಸು. ಇದಕ್ಕೆ ದೇಹದಲ್ಲೇ ಕಾರಣವಿದೆ: ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ. ಸುಮ್ಮನೆ ಕುಳಿತಾಗ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಅದನ್ನು ಸ್ವಲ್ಪ ಹೊತ್ತು 6ಕ್ಕೆ ಇಳಿಸೋಣ.

ಮಲಗುವ ಮೊದಲು ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳೋಣ. ಮನಸ್ಸಿನಲ್ಲೇ 4 ಎಣಿಸುತ್ತಾ ಮೂಗಿನಿಂದ ಉಸಿರೆಳೆದು, 6 ಎಣಿಸುತ್ತಾ ಬಿಡೋಣ. ಹೀಗೆ 5 ನಿಮಿಷ ಸಾಕು. ಉಸಿರು ಬಿಗಿಹಿಡಿಯುವುದು ಬೇಡ. ತಲೆ ಸುತ್ತಿದರೆ ನಿಲ್ಲಿಸಬೇಕು.

ಇದರಿಂದ ಕೊಳೆ ನಿಲ್ಲದು, ಸಾಲ ತೀರದು. ನಾಳೆ ಏನು ಮಾಡಬೇಕೆಂದು ಯೋಚಿಸುವ ಸಮಾಧಾನ ಸಿಕ್ಕೀತು. ಆದರೆ ರಕ್ತದೊತ್ತಡದ ಮಾತ್ರೆ ಬಿಡಬಾರದು. ಎದೆನೋವು ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ, ಒಬ್ಬರೇ ನುಂಗಿಕೊಳ್ಳದೆ ಮನೆಯವರಿಗೆ ಹೇಳಿ ತಡಮಾಡದೆ ವೈದ್ಯರನ್ನು ಕಾಣೋಣ.