ಹತ್ತು ಹೆಣಕ್ಕೆ ನಾಲ್ಕು ದುರ್ಗ

ನೀವು ನಂಬಲಿಕ್ಕಿಲ್ಲ. ಅಗಾಥಾ ಕ್ರಿಸ್ಟಿ 1939ರಲ್ಲಿ ಬರೆದ ಪತ್ತೇದಾರಿ ಕಾದಂಬರಿಗೂ ಕೌಟಿಲ್ಯನ ಕೋಟೆಗಳ ಪಟ್ಟಿಗೂ ನಂಟು ಹಾಕಬಹುದು. ಆ ಗಂಟು ಬಿಚ್ಚಿ ನೋಡಲು ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ!

ಮೊದಲು ಕಾದಂಬರಿ. ಹೆಸರು ‘ಆಂಡ್ ದೆನ್ ದೇರ್ ವರ್ ನನ್’. ಸುಳ್ಳು ನೆಪ ಹೇಳಿ, ಕಾಗದ ಬರೆದು ಹತ್ತು ಜನರನ್ನು ಇಂಗ್ಲೆಂಡಿನ ಡೆವನ್ ಕರಾವಳಿಯ ದ್ವೀಪವೊಂದಕ್ಕೆ ಸೇರಿಸಲಾಗುತ್ತದೆ. ಊಟ ಮುಗಿಯುತ್ತಲೇ ಗ್ರಾಮಫೋನ್ ತಟ್ಟೆ ಮಾತಾಡುತ್ತದೆ: ನೀನು ಇಂಥವರ ಸಾವಿಗೆ ಕಾರಣ, ನೀನು ಇಂಥವರ ಸಾವಿಗೆ ಕಾರಣ, ಎಂದು ಒಬ್ಬೊಬ್ಬರ ಹೆಸರು ಹಿಡಿದು. ಮರುದಿನ ದೋಣಿ ಬರುವುದಿಲ್ಲ. ಶಿಶುಗೀತೆಯೊಂದರಲ್ಲಿ ಹೇಳಿದ ಹಾಗೆಯೇ ಒಬ್ಬೊಬ್ಬರಾಗಿ ಸಾಯುತ್ತಾರೆ, ಊಟದ ಮೇಜಿನ ಮೇಲಿದ್ದ ಹತ್ತು ಗೊಂಬೆಗಳು ಒಂದೊಂದಾಗಿ ಕಾಣೆಯಾಗುತ್ತವೆ. ದ್ವೀಪವನ್ನೆಲ್ಲ ಜಾಲಾಡಿದರೂ ಹನ್ನೊಂದನೆಯವನು ಸಿಗುವುದಿಲ್ಲ. ಹಾಗಾದರೆ ಕೊಲೆಗಾರ?

ಇದೇ ಕಥೆಯ ಎಳೆ ಹಿಡಿದು ಕೆ. ಎಂ. ಚೈತನ್ಯ 2015ರ ಆಗಸ್ಟ್‌ನಲ್ಲಿ ‘ಆಟಗಾರ’ ತಂದರು. ಚಿರಂಜೀವಿ ಸರ್ಜಾ, ಮೇಘನಾ ರಾಜ್, ಪಾರುಲ್ ಯಾದವ್, ಅನಂತ್ ನಾಗ್, ಅಚ್ಯುತ್ ಕುಮಾರ್ ಇದ್ದ ಚಿತ್ರ. ಅದು ಕ್ರಿಸ್ಟಿ ಹುಟ್ಟಿ 125 ತುಂಬಿದ ವರ್ಷ. ಬಿಬಿಸಿಯೂ ಇದೇ ಕಾದಂಬರಿಯನ್ನು ಮೂರು ಕಂತಿನಲ್ಲಿ ತೆಗೆಯಿತು. ಪ್ರಸಾರವಾದದ್ದು ಡಿಸೆಂಬರ್ ಕೊನೆಗೆ. ಲಂಡನ್ನಿಗಿಂತ ಬೆಂಗಳೂರೇ ನಾಲ್ಕು ತಿಂಗಳು ಮುಂದೆ!

ಇನ್ನು ನನ್ನನ್ನು ನಿಂತಲ್ಲೇ ನಿಲ್ಲಿಸಿದ ಸಂಗತಿ. ಇಂಗ್ಲಿಷಿನಲ್ಲಿ ಬಂದ ಈ ಕಥೆಯ ಹಳೆಯ ಸಿನಿಮಾಗಳನ್ನು ಸಾಲಾಗಿ ಇಟ್ಟು ನೋಡಿ. 1945ರಲ್ಲಿ ರೆನೆ ಕ್ಲೇರ್ ತೆಗೆದದ್ದು ದ್ವೀಪದಲ್ಲಿ, ಸುತ್ತ ನೀರು. 1965ರಲ್ಲಿ ಜಾರ್ಜ್ ಪೊಲಾಕ್ ಹತ್ತೂ ಜನರನ್ನು ಹಿಮದ ಬೆಟ್ಟದ ನೆತ್ತಿಗೆ ಹತ್ತಿಸಿದ. ಮೇಲೆ ಹೋಗಲು ಇರುವುದು ತಂತಿಯ ಮೇಲೆ ತೂಗುವ ಕೇಬಲ್ ಕಾರ್ ಒಂದೇ. 1974ರಲ್ಲಿ ಅವರು ಇರಾನಿನ ಮರುಭೂಮಿಯ ಹೋಟೆಲಿನಲ್ಲಿದ್ದಾರೆ, ಟೇಪಿನಲ್ಲಿ ಆರೋಪ ಓದುವ ಗಂಟಲು ಆರ್ಸನ್ ವೆಲ್ಸ್‌ನದು. 1989ರಲ್ಲಿ ಆಫ್ರಿಕದ ಕಾಡಿನ ಸಫಾರಿ ಬಿಡಾರ.

ನೀರು, ಬೆಟ್ಟ, ಮರಳು, ಕಾಡು.

ಈಗ ಅರ್ಥಶಾಸ್ತ್ರದ ಎರಡನೆಯ ಅಧಿಕರಣ ತೆರೆಯಿರಿ. ಕೌಟಿಲ್ಯ ಹೇಳುವ ದುರ್ಗಗಳು ನಾಲ್ಕು: ಔದಕ, ಪಾರ್ವತ, ಧಾನ್ವನ, ವನದುರ್ಗ. ಅಂದರೆ ನೀರು, ಬೆಟ್ಟ, ಮರುಭೂಮಿ, ಕಾಡು. ಅದೇ ನಾಲ್ಕು, ಅದೇ ಅನುಕ್ರಮ! ಆ ಸಿನಿಮಾದವರು ಅರ್ಥಶಾಸ್ತ್ರ ಓದಿರಲಾರರು. ಒಳಗಿದ್ದವರನ್ನು ಹೊರಜಗತ್ತಿನಿಂದ ಕಡಿದು ಹಾಕಲು ಭೂಮಿಯ ಮೇಲೆ ಇರುವ ದಾರಿಗಳೇ ಅಷ್ಟು ಅಂತ ಕಾಣುತ್ತದೆ. ಅಂದಹಾಗೆ, ಕಳೆದೇಹೋಗಿದ್ದ ಆ ಅರ್ಥಶಾಸ್ತ್ರದ ತಾಳೆಗರಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ನಮ್ಮ ಮೈಸೂರಿನ ಆರ್. ಶಾಮಾಶಾಸ್ತ್ರಿಗಳು. ಅದರ ನಾಲ್ಕನೆಯ ಅಧಿಕರಣದಲ್ಲಿ ಹಠಾತ್ತನೆ ಸತ್ತವನ ಹೆಣಕ್ಕೆ ಎಣ್ಣೆ ಸವರಿ ಪರೀಕ್ಷಿಸುವ ವಿಧಾನವಿದೆ. ನೇಣೋ, ವಿಷವೋ, ನೀರಿಗೆ ಬಿದ್ದದ್ದೋ ಎಂದು ಪತ್ತೆಹಚ್ಚುವ ಲಕ್ಷಣಗಳಿವೆ. ಕೋಟೆ ಕಟ್ಟುವುದೂ ಕೊಲೆ ಪತ್ತೆಯೂ ಒಂದೇ ಪುಸ್ತಕದಲ್ಲಿ!

ಬೆಟ್ಟದ ಕೋಟೆ ಹೇಗಿರುತ್ತದೆಂದು ಕಣ್ಣಾರೆ ಕಾಣಬೇಕಾದರೆ ಉಚ್ಚಂಗಿದುರ್ಗದ ಮೆಟ್ಟಿಲು ಹತ್ತಬೇಕು. ನೊಳಂಬವಾಡಿಯನ್ನು ಆಳಿದ ಪಾಂಡ್ಯರ ಗಟ್ಟಿ ನೆಲೆ ಇದು. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ ಕೈಚೆಲ್ಲಿದ್ದ ಕೋಟೆಯನ್ನು ಹೊಯ್ಸಳ ಇಮ್ಮಡಿ ಬಲ್ಲಾಳ ಲೀಲಾಜಾಲವಾಗಿ ಗೆದ್ದನೆಂದು ಶಾಸನ ಹೊಗಳುತ್ತದೆ. ‘ಗಿರಿದುರ್ಗಮಲ್ಲ’ ಎಂಬ ಬಿರುದು ಬಂದದ್ದು ಹಾಗೆ. ಗೆದ್ದ ವಾರವನ್ನೂ ಬಿಡದೆ ‘ಶನಿವಾರಸಿದ್ಧಿ’ ಎಂದೂ ಕರೆಸಿಕೊಂಡ. ಶಾಸನದ ಹೊಗಳಿಕೆಯನ್ನು ಒಂದಿಷ್ಟು ಸೋಸಿಯೇ ಕುಡಿಯಬೇಕು, ಒಪ್ಪುತ್ತೇನೆ. ಆದರೂ ಕೇಳಿ, ಹನ್ನೆರಡು ವರ್ಷ ಮುಚ್ಚಿದ್ದ ಬಾಗಿಲು ಒಬ್ಬನಿಗೆ ತೆರೆದದ್ದು ಹೇಗೆ? ಇದಕ್ಕಿಂತ ಹಳೆಯ ಪತ್ತೇದಾರಿ ಪ್ರಶ್ನೆ ಬೇಕೇ?

ದಿಡ್ಡಿ ಬಾಗಿಲು ಹಾಕಿಕೊಂಡರೆ ವೈರಿ ಹೊರಗುಳಿಯುತ್ತಾನೆ, ಅದು ರಾಜನ ಲೆಕ್ಕ. ಕ್ರಿಸ್ಟಿ ಮಾಡಿದ್ದು ಇಷ್ಟೇ: ವೈರಿಯನ್ನು ಒಳಗೆ ಬಿಟ್ಟುಕೊಂಡು ಬಾಗಿಲು ಹಾಕಿದಳು. ಗೋಡೆ ಎಷ್ಟು ಭದ್ರವೋ ಒಳಗಿದ್ದವರಿಗೆ ಅಷ್ಟು ಅಪಾಯ.

ಈ ಕಥೆಗೆ ನಮ್ಮವರು ಮರುಳಾದದ್ದು ಇಂದು ನಿನ್ನೆಯಲ್ಲ. 1965ರಲ್ಲೇ ಹಿಂದಿಯ ‘ಗುಮ್‌ನಾಮ್’ ಬಂತು. ತಮಿಳಿನಲ್ಲಿ ವೀಣೆಯ ವಿದ್ವಾಂಸ ಎಸ್. ಬಾಲಚಂದರ್ ‘ನಡು ಇರವಿಲ್’ ಮಾಡಿದರು, ಅದು ತೆರೆ ಕಂಡದ್ದು 1970ರಲ್ಲಿ. ಕನ್ನಡಕ್ಕೆ ಕ್ರಿಸ್ಟಿಯ ನಂಟು ಬೇರೊಂದು ದಾರಿಯಿಂದ ಮೊದಲೇ ಬಂದಿತ್ತು. ಸುನೀಲ್ ಕುಮಾರ್ ದೇಸಾಯಿಯವರ 1989ರ ‘ತರ್ಕ’ದ ಬೇರು ಆಕೆಯ 1958ರ ನಾಟಕ ‘ದಿ ಅನ್‌ಎಕ್ಸ್‌ಪೆಕ್ಟೆಡ್ ಗೆಸ್ಟ್’ನಲ್ಲಿದೆ. ಶಂಕರ್ ನಾಗ್ ಇದ್ದೂ ಹಾಡುಗಳಿಲ್ಲದ ಸಿನಿಮಾ ಅದು! ಮರುವರ್ಷವೇ ತಮಿಳಿಗೆ ‘ಪುರಿಯಾದ ಪುದಿರ್’ ಆಗಿ ಹೋಯಿತು.

‘ಆಟಗಾರ’ಕ್ಕೆ ಮಾತ್ರ ಅವರಾರಿಗೂ ಇಲ್ಲದ ತೊಡಕೊಂದಿತ್ತು: ಮೊಬೈಲು. 1939ರಲ್ಲಿ ದೋಣಿ ನಿಂತರೆ ಜಗತ್ತೇ ನಿಂತಂತೆ. 2015ರಲ್ಲಿ ಯಾವ ದ್ವೀಪಕ್ಕೆ ಹೋದರೂ ಜೇಬಿನಲ್ಲಿ ಫೋನಿರುತ್ತದೆ, ಹತ್ತು ಜನರನ್ನು ಕಡಿದು ಹಾಕುವುದೆಂತು? ಚೈತನ್ಯ ಕಂಡುಕೊಂಡ ಉಪಾಯ ಕೇಳಿ: ರಿಯಾಲಿಟಿ ಶೋ! ‘ಬಿಗ್ ಬಾಸ್’ 2013ರಲ್ಲಿ ಕನ್ನಡಕ್ಕೆ ಬಂದಾಗಿತ್ತು. ಆಟ ಅಂದರೆ ಸಾಕು, ಜನ ಹೊರಜಗತ್ತನ್ನು ತಾವಾಗಿ ಬಿಟ್ಟು ಒಳಗೆ ಹೋಗುತ್ತಾರೆ ಎಂಬುದು ಮನೆಮನೆಗೂ ಗೊತ್ತಿತ್ತು. ಸುಳ್ಳು ಕಾಗದ ಬೇಡ, ನೆಪ ಬೇಡ. ಕರೆ ಬಂದರೆ ಹೊರಟೇಬಿಡುತ್ತಾರೆ. ಈ ಒಂದು ಬದಲಾವಣೆಗೇ ನಾನು ಚಿತ್ರಕ್ಕೆ ತಲೆಬಾಗುತ್ತೇನೆ. ಕಥೆಯ ಉಳಿದ ತಿರುವುಗಳನ್ನು ಇಲ್ಲಿ ಹೇಳಿದರೆ ಅದೂ ಒಂದು ಕೊಲೆಯೇ.

ಇಲ್ಲಿಗೆ ಮುಗಿಯಿತೆಂದುಕೊಂಡೆ. ಮುಗಿದಿಲ್ಲ! ಮನುಸ್ಮೃತಿಯ ಪಟ್ಟಿ ಇನ್ನೂ ಉದ್ದ, ಅಲ್ಲಿ ದುರ್ಗಗಳು ಆರು. ಗಿರಿದುರ್ಗವೇ ಶ್ರೇಷ್ಠ ಎನ್ನುವ ಆ ಪಟ್ಟಿಯಲ್ಲಿ ನೃದುರ್ಗ ಎಂಬುದೂ ಇದೆ. ಅದು ಮನುಷ್ಯರೇ ಗೋಡೆಯಾಗಿ ಸುತ್ತುವರಿದ ಕೋಟೆ. ರಿಯಾಲಿಟಿ ಶೋ ಎಂದರೆ ಇದೇ ಅಲ್ಲವೇ, ಸುತ್ತ ನೋಡುವ ಕಣ್ಣುಗಳದೇ ಗೋಡೆ? ಹಾಗಾದರೆ ದ್ವೀಪದಲ್ಲಿ ನಡೆಯುವ ‘ಆಟಗಾರ’ದ್ದು ಜಲದುರ್ಗದೊಳಗೊಂದು ನೃದುರ್ಗ. ಇನ್ನು ಕನ್ನಡದಲ್ಲಿ ಯಾರಾದರೂ ಈ ಕಥೆಯನ್ನು ಬೆಟ್ಟಕ್ಕೆ ಹತ್ತಿಸಲಿ. ಭರತ ಹುಣ್ಣಿಮೆಯ ಜಾತ್ರೆಯ ದಿನ ಉಚ್ಚಂಗಿದುರ್ಗದ ದೇವಿ ಉಚ್ಚೆಂಗೆಮ್ಮನ ಗುಡ್ಡ ನೋಡಿ. ಕೆಳಗಿನಿಂದ ಮೇಲಿನವರೆಗೆ ಜನವೋ ಜನ, ಉಧೋ ಉಧೋ ಕೂಗು, ಮುಂದೆ ಹೆಜ್ಜೆ ಇಡಲಾಗದು, ಹಿಂದೆ ತಿರುಗಲಾಗದು. ಆ ನೂಕುನುಗ್ಗಲಿನಲ್ಲಿ ಹತ್ತು ಜನ ಮೆಟ್ಟಿಲು ಹತ್ತುತ್ತಿದ್ದಾರೆ, ಹತ್ತರಲ್ಲೊಬ್ಬ ಕೊಲೆಗಾರ. ಚಿತ್ರಕಥೆ ಬರೆಯುವವರು ಯಾರಾದರೂ ಇದ್ದೀರಾ?